ಕೊಲೆ ಪ್ರಕರಣದಲ್ಲಿ ‘ಪೂರ್ವಯೋಜನೆ’ ಇತ್ತೇ ಎಂದು ಪರಿಶೀಲಿಸುವುದು ಹೇಗೆ?

ಸುದ್ದಿಯಲ್ಲಿ ‘ಪೂರ್ವನಿಯೋಜಿತ ಕೊಲೆ’ ಎಂಬ ಮಾತು ಸಲೀಸಾಗಿ ಬರುತ್ತದೆ. ಕೊಲೆಯ ವ್ಯಾಖ್ಯೆಯಲ್ಲಿ ಮಾತ್ರ ಆ ಷರತ್ತೇ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಂ (ಹಿಂದಿನ ಐಪಿಸಿ 300) ಕೇಳುವುದು ಉದ್ದೇಶವನ್ನು ಅಥವಾ ಸಾವಾಗಬಹುದೆಂಬ ಅರಿವನ್ನು. ಚೂರಿ ಎತ್ತಿದ ಗಳಿಗೆಯಲ್ಲೇ ಉದ್ದೇಶ ಹುಟ್ಟಿದರೂ ಅದು ಕೊಲೆಯಾಗಬಹುದು.

ಹಾಗಾದರೆ ಪೂರ್ವಯೋಜನೆಯನ್ನು ಹುಡುಕುವುದೇಕೆ? ಅದೇ ಕಲಮಿನ 4ನೇ ಅಪವಾದಕ್ಕಾಗಿ, ಅಂದರೆ ವಿನಾಯಿತಿಗಾಗಿ. ಪೂರ್ವಯೋಜನೆ ಇಲ್ಲದೆ, ಹಠಾತ್ ಜಗಳದ ಆವೇಶದಲ್ಲಿ ನಡೆದ ಹೊಡೆದಾಟದಲ್ಲಿ ಸಾವಾಗಿ, ಆರೋಪಿ ಎದುರಾಳಿಯ ಸ್ಥಿತಿಯ ಅನುಚಿತ ಲಾಭ ಪಡೆಯದೆ, ಕ್ರೌರ್ಯ ತೋರದೆ ಇದ್ದರೆ ಪ್ರಕರಣ ಕೊಲೆಗೆ ಶಿಕ್ಷೆ ಹೇಳುವ 103ನೇ ಕಲಮಿನಿಂದ ಕೊಲೆಯಲ್ಲದ ನರಹತ್ಯೆಯ 105ಕ್ಕೆ ಇಳಿಯುತ್ತದೆ. ಮರಣದಂಡನೆಯ ಮಾತೇ ಉಳಿಯುವುದಿಲ್ಲ. 2024ರ ಜುಲೈ 1ಕ್ಕೆ ಮೊದಲಿನ ಕೃತ್ಯವಾದರೆ ಈ ಕಲಂಗಳ ಬದಲು ಐಪಿಸಿಯ 302, 304 ನೋಡಿ.

ಮೊದಲು ಗಡಿಯಾರ. ಜಗಳ ಎಷ್ಟು ಗಂಟೆಗೆ, ಏಟು ಎಷ್ಟು ಗಂಟೆಗೆ, ನಡುವೆ ಆರೋಪಿ ಏನು ಮಾಡಿದ ಎಂದು ಸಾಕ್ಷಿಗಳ ಹೇಳಿಕೆಗಳಿಂದ ಒಂದೊಂದೇ ಸಾಲಾಗಿ ಬರೆದುಕೊಳ್ಳಿ. ಹೆಂಡತಿಯ ಪ್ರಿಯಕರ ಅಹುಜಾನನ್ನು ಗುಂಡಿಕ್ಕಿ ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣದ ವಾದ ಬೇರೆ ಅಪವಾದದ್ದು, ಗಂಭೀರ ಮತ್ತು ಹಠಾತ್ ಪ್ರಚೋದನೆಯದ್ದು. ಆದರೂ ಕಾಲದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಹೆಂಡತಿ ತನ್ನ ಸಂಬಂಧದ ವಿಷಯ ಹೇಳಿದ ಮೇಲೆ ಆತ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟ, ಸುಳ್ಳು ನೆಪ ಹೇಳಿ ಹಡಗಿನಿಂದ ರಿವಾಲ್ವರ್ ಮತ್ತು ಆರು ಗುಂಡು ಪಡೆದ, ಅಹುಜಾನ ಕಚೇರಿಗೆ ಹೋದ, ಆಮೇಲೆ ಅಹುಜಾನ ಮನೆಗೆ. ಮಧ್ಯಾಹ್ನ 1.30ಕ್ಕೆ ತನ್ನ ಮನೆ ಬಿಟ್ಟವನು ಗುಂಡು ಹಾರಿಸಿದ್ದು 4.20ಕ್ಕೆ. ಆ ಸುಮಾರು ಮೂರು ಗಂಟೆ ಮನಸ್ಸು ಹತೋಟಿಗೆ ಬರಲು ಸಾಕಿತ್ತು ಎಂದಿತು 1961ರ ಸುಪ್ರೀಂ ಕೋರ್ಟ್ ತೀರ್ಪು.

ಎರಡನೆಯದು ಆಯುಧ. ಮನೆಯಿಂದ ತಂದ ಮಚ್ಚೋ, ಸ್ಥಳದಲ್ಲೇ ಕೈಗೆ ಸಿಕ್ಕಿದ ಕಲ್ಲೋ? ಇದಕ್ಕೆ ಪಂಚನಾಮೆ ನೋಡಿ. ಆದರೆ ಯಾಂತ್ರಿಕವಾಗಿ ತೀರ್ಮಾನಿಸಬೇಡಿ: ಸುರಿಂದರ್ ಕುಮಾರ್ (1989) ಪ್ರಕರಣದಲ್ಲಿ ಜಗಳದ ನಡುವೆ ಅಡುಗೆಮನೆಯಿಂದ ಚಾಕು ತಂದವನಿಗೂ 4ನೇ ಅಪವಾದ ಸಿಕ್ಕಿತು. ಗಾಯಗಳ ಸಂಖ್ಯೆಯೊಂದೇ ನಿರ್ಣಾಯಕವಲ್ಲ ಎಂದು ಕೋರ್ಟ್ ಹೇಳಿದ್ದೂ ಅಲ್ಲೇ. ಮರಣೋತ್ತರ ವರದಿಯಲ್ಲಿ ಗಾಯ ಎಲ್ಲಿ, ಎಷ್ಟು ಆಳ ಎಂಬುದನ್ನೂ ಎಣಿಕೆಯ ಜೊತೆಗೇ ಓದಿ.

ಹೆಚ್ಚಿನವರು ಎಡವುವುದು ಹಳೇ ದ್ವೇಷದಲ್ಲಿ. ದ್ವೇಷ ಹೇತುವನ್ನು ತೋರಿಸುತ್ತದೆ, ಯೋಜನೆಯನ್ನಲ್ಲ. ಹತ್ತು ವರ್ಷದ ಜಮೀನು ವ್ಯಾಜ್ಯ ಇದ್ದವರೂ ಬದುವಿನ ಮೇಲೆ ಆಕಸ್ಮಿಕವಾಗಿ ಎದುರಾಗಿ ಹೊಡೆದಾಡಬಹುದು. ಹೊಂಚು ಹಾಕಿದ್ದು, ಹಿಂದಿನ ದಿನ ಮಚ್ಚು ಕೊಂಡದ್ದು, ಫೋನ್ ಮಾಡಿ ಕರೆಸಿಕೊಂಡದ್ದು ಬೇರೆಯದೇ ತೂಕದ ಸಾಕ್ಷ್ಯ.

ಇನ್ನೊಂದು ತಪ್ಪು, ‘ಯೋಜನೆ ಇರಲಿಲ್ಲ’ ಎಂದಷ್ಟೇ ವಾದಿಸಿ ನಿಲ್ಲಿಸುವುದು. ನಿರಾಯುಧನನ್ನು, ಕೆಳಗೆ ಬಿದ್ದವನನ್ನು ಮತ್ತೆ ಮತ್ತೆ ಕೊಚ್ಚಿದ್ದರೆ ಉಳಿದ ಷರತ್ತುಗಳು ಅಲ್ಲೇ ಮುರಿದುಬೀಳುತ್ತವೆ. ಅಪವಾದ ಸಾಬೀತುಪಡಿಸುವ ಹೊಣೆಯೂ ಆರೋಪಿಯದೇ. ಆದರೆ ಅವನು ಸಂಶಯಾತೀತವಾಗಿ ತೋರಿಸಬೇಕಿಲ್ಲ, ಹೆಚ್ಚು ಸಂಭವನೀಯ ಎನ್ನಿಸಿದರೆ ಸಾಕು. ಅದನ್ನು ಪ್ರಾಸಿಕ್ಯೂಷನ್ ಸಾಕ್ಷಿಗಳ ಪಾಟಿಸವಾಲಿನಿಂದಲೇ ಹೊರತೆಗೆಯಲೂಬಹುದು.