ಕರೆಂಟ್ ಹೋದ ಮೇಲೂ ಫೋನ್ ಸಿಗಬೇಕೆಂದರೆ

ಪುನರ್ವಸು ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಶೃಂಗೇರಿ ಕಡೆಯ ಒಂಟಿಮನೆಗಳಲ್ಲಿ ಕರೆಂಟ್ ಹೋದರೆ ಬರುವುದು ಎರಡು ಮೂರು ದಿನಕ್ಕೆ. ಲೈನ್ ಮೇಲೆ ಬಿದ್ದ ಮರ ಕಡಿದು ಮುಗಿಸುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ಇನ್ನೊಂದು ಬಿದ್ದಿರುತ್ತದೆ. ಇಂಥ ಎಷ್ಟೋ ಮನೆಗಳ ಒಳಗೆ ಮೊಬೈಲ್ ಸಿಗ್ನಲ್ ಇಲ್ಲ. ಟವರಿನ ಬದಲು ಫೈಬರ್ ಇಂಟರ್ನೆಟ್ ಮೂಲಕ ಮಾತಾಡುವ ವೈಫೈ ಕಾಲಿಂಗೇ ಗತಿ. ರೂಟರ್ ಆರಿದರೆ ಫೋನ್ ತುಂಬ ಚಾರ್ಜ್ ಇದ್ದೂ ಮಾತು ಹೋಗದು. ಹಾಗಾಗಿ ಮೊದಲು ರೂಟರ್, ಆಮೇಲೆ ಪವರ್ ಬ್ಯಾಂಕ್.

ಮೊದಲು ರೂಟರಿನ ಅಡಾಪ್ಟರ್ ಕಿತ್ತು, ಹಿಂಬದಿಯ ಸಣ್ಣ ಅಕ್ಷರ ಓದಿ. ಔಟ್‌ಪುಟ್ 12 ವೋಲ್ಟ್, 1 ಆಂಪ್ ಎಂದಿದ್ದರೆ ಗರಿಷ್ಠ 12 ವಾಟ್; ದಿನನಿತ್ಯ ಎಳೆಯುವುದು ಅದಕ್ಕಿಂತ ಕಡಿಮೆ. ಅದೇ ವೋಲ್ಟಿನ ಮಿನಿ ಯುಪಿಎಸ್, ಅಂದರೆ ಕರೆಂಟ್ ಹೋದಾಗ ರೂಟರ್ ಓಡಿಸುವ ಪುಟ್ಟ ಬ್ಯಾಟರಿ ಡಬ್ಬಿ, ತನ್ನಿ. ವೋಲ್ಟ್ ತಪ್ಪಬಾರದು. 9 ವೋಲ್ಟಿನ ನಮ್ಮ ಹಳೇ ರೂಟರಿಗೆ 12ರ ಪಿನ್ ಸಲೀಸಾಗಿ ಕೂತಿತ್ತು; ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ರೂಟರ್ ಹೋಯಿತು. ಫೈಬರ್ ಬರುವ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು.

ಯುಪಿಎಸ್ ಬ್ಯಾಟರಿಯ ಅಳತೆಗೆ ಅಂಗಡಿಯವರು ಎಂಎಎಚ್ (ಮಿಲಿಆಂಪ್-ಅವರ್) ಹೇಳುತ್ತಾರೆ, ನೀವು ವಾಟ್-ಅವರ್, ಅಂದರೆ ಎಷ್ಟು ವಾಟ್ ಎಷ್ಟು ಗಂಟೆ ಎಂಬ ಲೆಕ್ಕ ಹಾಕಿ. 8,000 ಎಂಎಎಚ್ ಎಂದರೆ 8 ಆಂಪ್-ಅವರ್; ಒಳಗಿನ ಸೆಲ್ಲಿನ 3.7 ವೋಲ್ಟಿನಿಂದ ಗುಣಿಸಿದರೆ 29.6 ವಾಟ್-ಅವರ್. ವೋಲ್ಟ್ ಏರಿಸುವಾಗ ಒಂದಷ್ಟು ಸೋರುತ್ತದೆ. ರೂಟರ್ 8 ವಾಟ್ ಎಳೆದರೆ ಸುಮಾರು ಮೂರು ಗಂಟೆ. ಎರಡು ದಿನ ಒಂದೇ ಸಮನೆ ಓಡಿಸಲಾಗದು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಾಕಿ. ಆ ಹೊತ್ತನ್ನು ದೂರದಲ್ಲಿರುವ ಮಕ್ಕಳಿಗೆ ಮೊದಲೇ ಹೇಳಿಡಿ, ಗಾಬರಿಯಾಗುವುದಿಲ್ಲ.

ಮಳೆಗೆ ಮುಂಚೆಯೇ ಒಂದು ದಿನ ಪ್ಲಗ್ ಕಿತ್ತು, ಎಷ್ಟು ಹೊತ್ತು ಬರುತ್ತದೆಂದು ಗಡಿಯಾರ ನೋಡಿ ಬರೆದಿಡಿ. ಡಬ್ಬಿಯ ಮೇಲೆ ಅಚ್ಚಾದ ಅಂಕಿಗಿಂತ ಇದನ್ನೇ ನಂಬಿ.

ಪವರ್ ಬ್ಯಾಂಕಿಗೂ ಇದೇ ಲೆಕ್ಕ. 10,000 ಎಂಎಎಚ್‌ನದು 37 ವಾಟ್-ಅವರ್. 5,000 ಎಂಎಎಚ್ ಬ್ಯಾಟರಿಯ ಫೋನನ್ನು ಎರಡು ಸಲ ತುಂಬಿಸುವುದಿಲ್ಲ, ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಸಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದ್ದದ್ದನ್ನೇ ಕೊಳ್ಳಿ. ಬೆನ್ನ ಮೇಲೆ ಸೋಲಾರ್ ಇರುವುದಕ್ಕೆ ದುಡ್ಡು ಹಾಕಬೇಡಿ. ಅಂಗೈಯಗಲದ ಫಲಕ ಒಳ್ಳೇ ಬಿಸಿಲಲ್ಲೂ ಒಂದೆರಡು ವಾಟ್ ಕೊಟ್ಟರೆ ಹೆಚ್ಚು, ಆಷಾಢದಲ್ಲಿ ಬಿಸಿಲೆಲ್ಲಿ? ಕಾರು, ಜೀಪು ಇದ್ದರೆ ಅದಕ್ಕೊಂದು ಚಾರ್ಜರ್ ಇಟ್ಟುಕೊಳ್ಳುವುದು ವಾಸಿ.

ಕರೆಂಟ್ ಹೋದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಾತಾಡುವಾಗ ವೈಫೈ ಮಾತ್ರ ಆನ್ ಮಾಡಿ. ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಖಾಲಿ ಮಾಡುತ್ತದೆ. ವೈಫೈ ಕಾಲಿಂಗಿಗೆ ಟವರ್ ಬೇಕಿಲ್ಲ. ಫೈಬರ್ ಡಬ್ಬಿಯಲ್ಲಿ ಸಿಗ್ನಲ್ ಬರುತ್ತಿಲ್ಲವೆಂದು ತೋರಿಸುವ ಎಲ್‌ಒಎಸ್ ದೀಪ ಕೆಂಪಗೆ ಮಿಣುಕುತ್ತಿದ್ದರೆ ನಿಮ್ಮ ಯುಪಿಎಸ್ ಏನೂ ಮಾಡಲಾರದು, ಎಲ್ಲೋ ಫೈಬರ್ ತುಂಡಾಗಿರಬೇಕು ಅಥವಾ ಆ ಕಡೆಯೂ ಕರೆಂಟ್ ಹೋಗಿರಬೇಕು. ಡಬ್ಬಿ ಆರಿಸಿ ಚಾರ್ಜ್ ಉಳಿಸಿ. ಸಿಗ್ನಲ್ ಸಿಗುವ ಜಾಗ ಹತ್ತಿರ ಯಾವುದೆಂದು ಮನೆಯವರಿಗೆಲ್ಲ ಗೊತ್ತಿರಲಿ. ತುರ್ತಿನ 112, ವಿದ್ಯುತ್ ದೂರಿನ 1912, ಲೈನ್‌ಮನ್ ನಂಬರು ಇವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಿ.

ಮಳೆಗಾಲ ಮುಗಿದ ಮೇಲೆ ಪವರ್ ಬ್ಯಾಂಕನ್ನು ಅರ್ಧದಷ್ಟು ಚಾರ್ಜ್ ಉಳಿಸಿ ತಂಪು ಜಾಗದಲ್ಲಿಡಿ, ಮೂರು ತಿಂಗಳಿಗೊಮ್ಮೆ ನೋಡಿ. ಹೊಟ್ಟೆ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಒಲೆಯ ಹತ್ತಿರವಂತೂ ಇಡಲೇಬೇಡಿ.