ಕೊನೇ ಮನೆ ಅಜ್ಜಿಯನ್ನು ನಮ್ಮ ಬೀದಿ ಹುಡುಕಿದ್ದು ಹೇಗೆ

ಬೆಂಗಳೂರಿನ ಹನುಮಂತನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಡಿಟಿಪಿ, ಲ್ಯಾಮಿನೇಷನ್, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು ಎಲ್ಲ ಮಾಡುತ್ತೇನೆ. ‘ಕಾಣೆಯಾಗಿದ್ದಾರೆ’ ಪೋಸ್ಟರ್ ಕೂಡ ಆಗಾಗ ಬರುತ್ತದೆ. ಒಂದು ಚಳಿಗಾಲದಲ್ಲಿ ನಮ್ಮ ಬೀದಿಯ ಅಜ್ಜಿಯೇ ಕಾಣೆಯಾದರು. ಆಗ ಇಡೀ ಹುಡುಕಾಟದ ಲೆಕ್ಕಪತ್ರ ನೋಡಿಕೊಂಡಿದ್ದು ನಾನು. ಅದಾದ ಮೇಲೆ ಬೇರೆ ಬಡಾವಣೆಗಳವರು ಫೋನ್ ಮಾಡಿ ‘ನೀವು ಏನೇನು ಮಾಡಿದ್ರಿ’ ಅಂತ ಕೇಳುತ್ತಿರುತ್ತಾರೆ. ಪ್ರತಿ ಸಲ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ವಾಸಿ.

ಬೀದಿಯವರೆಲ್ಲ ಅವರನ್ನು ‘ಕೊನೇ ಮನೆ ಅಜ್ಜಿ’ ಅಂತಲೇ ಕರೆಯುವುದು. ವಯಸ್ಸು ಎಪ್ಪತ್ತೈದು ದಾಟಿದೆ. ಕಾಲು ಗಟ್ಟಿ, ನಡಿಗೆ ಜೋರು. ಮರೆವಿನ ಕಾಯಿಲೆ ಶುರುವಾಗಿ ಒಂದೆರಡು ವರ್ಷ ಆಗಿತ್ತು. ಹೆಸರು ಕೇಳಿದರೆ ಹೇಳುತ್ತಾರೆ, ಮನೆ ಎಲ್ಲಿ ಅಂದರೆ ಸುಮ್ಮನಾಗುತ್ತಾರೆ. ಆವತ್ತು ಬೆಳಿಗ್ಗೆ ಸೊಸೆ ಎದ್ದು ನೋಡಿದರೆ ಗೇಟು ತೆರೆದಿದೆ, ಅಜ್ಜಿ ಇಲ್ಲ.

ಮೊದಲ ಒಂದು ಗಂಟೆ ಎಲ್ಲ ಕಡೆ ಆಗುವುದೇ ಇಲ್ಲೂ ಆಯಿತು. ಬೀದಿಯ ಗಂಡಸರೆಲ್ಲ ಬೈಕ್ ಹತ್ತಿ ಹೊರಟರು. ರಾಮಾಂಜನೇಯ ಗುಡ್ಡದ ಮೆಟ್ಟಿಲನ್ನು ಮೂವರು ಬೇರೆ ಬೇರೆಯಾಗಿ ಹತ್ತಿ ಇಳಿದರು. ಬಸ್ ಸ್ಟಾಪಿಗೆ ಒಬ್ಬರೂ ಹೋಗಲಿಲ್ಲ. ಆಗ ನಾನು ಅಂಗಡಿಯ ಶಟರ್ ಎತ್ತಿ, ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ಕೌಂಟರ್ ಮೇಲಿಟ್ಟೆ. ಯಾರು ಎಲ್ಲಿಗೆ ಹೋಗುತ್ತಿದ್ದಾರೆ, ಎಷ್ಟು ಹೊತ್ತಿಗೆ, ಅಲ್ಲಿ ಯಾರನ್ನು ಕೇಳಿದರು, ಅವರು ಏನಂದರು. ಇಷ್ಟನ್ನು ಬರೆಸದೆ ಯಾರೂ ಹೊರಡುವ ಹಾಗಿಲ್ಲ ಅಂದೆ. ಕೆಲವರಿಗೆ ಸಿಟ್ಟು ಬಂತು. ಬರಲಿ ಬಿಡಿ.

ಪೋಸ್ಟರಿಗೆ ಮಗನ ನಂಬರ್ ಬೇಡ ಅಂತಲೂ ಆಗಲೇ ತೀರ್ಮಾನ ಮಾಡಿದೆವು. ಕಾಣೆಯಾದವರ ಮನೆಯವರ ಫೋನಿಗೆ ನೆಂಟರ ಕರೆ ನಿಲ್ಲುವುದೇ ಇಲ್ಲ. ‘ಸಿಕ್ಕಿದ್ರಾ? ಅಯ್ಯೋ ಪಾಪ’ ಅನ್ನುವವರ ನಡುವೆ ನಿಜವಾಗಿ ಕಂಡವನ ಕರೆ ಎಂಗೇಜ್ ಆಗಿ ಕಟ್ಟಾಗುತ್ತದೆ. ನನ್ನ ಅಂಗಡಿಯ ಎರಡನೇ ನಂಬರನ್ನು ಇದಕ್ಕೇ ಬಿಟ್ಟೆವು. ಅದನ್ನು ಎತ್ತಲು ಇಬ್ಬರು ಹೆಣ್ಣುಮಕ್ಕಳು ಸರದಿಯಲ್ಲಿ ಕೂತರು.

ಮಗ ಅಷ್ಟರಲ್ಲಿ 112ಕ್ಕೆ ಫೋನ್ ಮಾಡಿ, ಠಾಣೆಗೂ ಹೋಗಿ ಬಂದಿದ್ದ. ಇಪ್ಪತ್ನಾಲ್ಕು ಗಂಟೆ ಕಾಯಬೇಕು ಅಂತ ಇವತ್ತಿಗೂ ಜನ ನಂಬಿದ್ದಾರೆ. ಅಂಥ ನಿಯಮ ಇಲ್ಲ. ಅದರಲ್ಲೂ ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ಮೊದಲ ಕೆಲವು ಗಂಟೆಗಳೇ ಮುಖ್ಯ. ಹೋಗುವಾಗ ಇತ್ತೀಚಿನ ಫೋಟೋ, ಎತ್ತರ, ಉಟ್ಟ ಬಟ್ಟೆ, ಬರುವ ಭಾಷೆ, ಕಾಯಿಲೆಯ ಚೀಟಿ ಒಯ್ದರೆ ಕೆಲಸ ಬೇಗ ಆಗುತ್ತದೆ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಅದರ ನಂಬರನ್ನು ಪೋಸ್ಟರಲ್ಲಿ ಹಾಕಿದರೆ ಅಂಗಡಿಯವರು ಕ್ಯಾಮೆರಾ ತೋರಿಸಲು ಹಿಂದೆಮುಂದೆ ನೋಡುವುದಿಲ್ಲ.

ಈಗ ನನ್ನ ಕಸುಬಿನ ವಿಷಯ, ಪೋಸ್ಟರು. ಮನೆಯವರು ಕೊಟ್ಟಿದ್ದು ಮೊಮ್ಮಗನ ನಾಮಕರಣದ ಫೋಟೋ. ರೇಷ್ಮೆ ಸೀರೆ, ತಲೆಗೆ ಬಣ್ಣ, ಮೂಗುಬೊಟ್ಟು ಫಳಫಳ. ಬೀದಿಯಲ್ಲಿ ಅಲೆಯುತ್ತಿರುವ ಅಜ್ಜಿಯನ್ನು ಆ ಫೋಟೋ ನೋಡಿ ಯಾರು ಗುರುತಿಸುತ್ತಾರೆ ಹೇಳಿ! ಸೊಸೆಯ ಮೊಬೈಲಲ್ಲಿ ಹುಡುಕಿದಾಗ ಅದೇ ವಾರದ ಒಂದು ಫೋಟೋ ಸಿಕ್ಕಿತು. ಅಜ್ಜಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ಕೆದರಿದ ಬಿಳಿ ಕೂದಲು, ನೇರಳೆ ಸ್ವೆಟರ್, ದಪ್ಪ ಕನ್ನಡಕ. ಅದನ್ನೇ ಹಾಕಿದೆ. ಕಪ್ಪುಬಿಳುಪು ಜೆರಾಕ್ಸಲ್ಲಿ ಮುಖ ಮಸಿ ಬಳಿದ ಹಾಗೆ ಬರುತ್ತದೆ. ಹಾಗಾಗಿ ಮೊದಲೇ ಮುಖದ ಬೆಳಕು ಜಾಸ್ತಿ ಮಾಡಿ ಒಂದು ಪ್ರತಿ ತೆಗೆದು ನೋಡಬೇಕು. ಬಸ್ ನಿಲ್ದಾಣ, ಆಸ್ಪತ್ರೆ, ಠಾಣೆಗೆ ಮಾತ್ರ ಬಣ್ಣದ್ದು.

ಬರಹ ಆದಷ್ಟು ಕಡಿಮೆ ಇರಲಿ. ನಾವು ಬರೆದದ್ದು ಹೀಗೆ: ‘ಹೆಸರು ಹೇಳುತ್ತಾರೆ, ವಿಳಾಸ ಗೊತ್ತಿಲ್ಲ. ಗದರಬೇಡಿ. ಕೂರಿಸಿ, ನೀರು ಕೊಡಿ, ಫೋನ್ ಮಾಡಿ.’ ಕೆಳಗೆ ಎರಡು ಸಾಲು ಹಿಂದಿ. ಇದಕ್ಕೆ ನಮ್ಮವರೇ ಒಬ್ಬರು ತಕರಾರು ತೆಗೆದರು, ‘ಬೆಂಗಳೂರಲ್ಲಿ ಹಿಂದಿ ಯಾಕೆ ಸ್ವಾಮಿ?’ ನಾನು ಹೇಳಿದೆ, ‘ರಾತ್ರಿಯೆಲ್ಲ ಎಚ್ಚರ ಇರೋ ಸೆಕ್ಯುರಿಟಿ ಹುಡುಗರು ಒಡಿಶಾ, ಬಿಹಾರದವರು. ಅಜ್ಜಿ ಸಿಕ್ಕ ಮೇಲೆ ಭಾಷೆ ಜಗಳ ಆಡೋಣ, ಈಗ ಬೇಡ.’ ಮಾರ್ಕೆಟ್ ಕಡೆಗೆ ಹೋಗುವ ಪ್ರತಿಗಳಿಗೆ ತಮಿಳು, ಉರ್ದು ಸಾಲುಗಳನ್ನೂ ಸೇರಿಸಿದೆವು.

ಬೇಕಂತಲೇ ಬಿಟ್ಟ ವಿಷಯಗಳೂ ಇದ್ದವು. ಮನೆ ವಿಳಾಸ ಹಾಕಲಿಲ್ಲ. ಬಹುಮಾನ ಹಾಕಲಿಲ್ಲ. ಮಗ ಐವತ್ತು ಸಾವಿರ ಅಂತ ಹಾಕೋಣ ಅಂದ, ನಾನು ಒಪ್ಪಲಿಲ್ಲ. ದುಡ್ಡಿನ ಮಾತು ಬಂದರೆ ಸುಳ್ಳು ಕರೆಗಳೇ ತುಂಬುತ್ತವೆ. ಇನ್ನೊಂದು, ಅಜ್ಜಿ ವಾಚನ್ನು ಬಲಗೈಗೆ ಕಟ್ಟುತ್ತಾರೆ, ಡಯಲ್ ಅಂಗೈ ಕಡೆಗೆ ಇರುತ್ತದೆ. ಇದನ್ನು ಯಾರಿಗೂ ಹೇಳಬಾರದು ಅಂತ ಮಾತಾಡಿಕೊಂಡೆವು. ಸಂಜೆಯ ಹೊತ್ತಿಗೆ ಅದು ಉಪಯೋಗಕ್ಕೆ ಬಂತು. ‘ನಿಮ್ಮ ಅಜ್ಜಿ ನಮ್ಮ ಹತ್ರ ಇದ್ದಾರೆ, ಕಾರಿನ ಬಾಡಿಗೆ ಮೊದಲು ಕಳಿಸಿ’ ಅಂತ ಒಬ್ಬ ಫೋನ್ ಮಾಡಿದ. ವಾಚ್ ಯಾವ ಕೈಯಲ್ಲಿದೆ ನೋಡಿ ಹೇಳಪ್ಪ ಅಂದರೆ ‘ವಾಚ್ ಇಲ್ಲ’ ಅಂದ. ಅಲ್ಲಿಗೆ ಮುಗಿಯಿತು.

ಸಿಸಿಟಿವಿ ನೋಡುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಬೀದಿ ತುದಿಯ ಬೇಕರಿ ಕ್ಯಾಮೆರಾದಲ್ಲಿ ಅಜ್ಜಿ ಕಂಡರು, 5.52ಕ್ಕೆ. ಮುಂದಿನ ಮೆಡಿಕಲ್ ಶಾಪಿನ ಕ್ಯಾಮೆರಾದಲ್ಲಿ ಅವರೇ 5.43ಕ್ಕೆ ಹೋಗುತ್ತಿದ್ದಾರೆ. ಅಂದರೆ ಅಜ್ಜಿ ಹಿಂದಕ್ಕೆ ನಡೆದರೇ? ಬೇಕರಿಯ ಡಿವಿಆರ್ (ಕ್ಯಾಮೆರಾದ ವಿಡಿಯೋ ಉಳಿಸುವ ಪೆಟ್ಟಿಗೆ) ಗಡಿಯಾರ ಹನ್ನೊಂದು ನಿಮಿಷ ಮುಂದೆ ಇತ್ತು ಅಷ್ಟೆ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆವು. ಯಾವ ಅಂಗಡಿಗೆ ಹೋದರೂ ಮೊದಲು ಪರದೆಯ ಗಂಟೆ, ನಮ್ಮ ಮೊಬೈಲಿನ ಗಂಟೆ ಎರಡನ್ನೂ ಒಟ್ಟಿಗೆ ಫೋಟೋ ತೆಗೆಯಬೇಕು. ಆಮೇಲೆ ವಿಡಿಯೋ. ಅಜ್ಜಿ ಕಂಡ ತುಣುಕನ್ನು ಅಲ್ಲೇ ಉಳಿಸಿಕೊಳ್ಳಬೇಕು. ಹಳೆಯದರ ಮೇಲೆ ಹೊಸದು ತಾನಾಗಿ ಬಂದು ಕೂರುತ್ತದೆ, ನಾಳೆ ಅಂದರೆ ಇರುವುದಿಲ್ಲ.

ಹೀಗೆ ಒಂದೊಂದೇ ಕ್ಯಾಮೆರಾ ಹಿಡಿದು ರಾಮಕೃಷ್ಣ ಆಶ್ರಮದ ಸರ್ಕಲ್ ತನಕ ಹೋದೆವು. ಅಲ್ಲಿ ದಾರಿ ತಪ್ಪಿತು. ರಸ್ತೆ ಗುಡಿಸುವ ಪೌರಕಾರ್ಮಿಕರೊಬ್ಬರು, ‘ಸ್ವೆಟರ್ ಹಾಕ್ಕೊಂಡಿದ್ದ ಅಜ್ಜಿ ತಾನೆ? ಸ್ಟಾಪಲ್ಲಿ ನಿಂತಿದ್ರು’ ಅಂದರು. ಬಸ್ ಹತ್ತಿದ್ದಾರೆ!

ಇಲ್ಲಿ ಒಂದು ಮಾತು. ಮೊದಲೆಲ್ಲ ಹೀಗೆ ಕಾಣೆಯಾದವರ ಸೊಂಟದ ಚೀಲದಲ್ಲಿ ಎಷ್ಟು ದುಡ್ಡಿತ್ತು ಅಂತ ಕೇಳಿ, ಅಷ್ಟರಲ್ಲಿ ಎಲ್ಲಿತನಕ ಹೋಗಬಹುದು ಅಂತ ಲೆಕ್ಕ ಹಾಕುತ್ತಿದ್ದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗುರುತಿನ ಚೀಟಿ ತೋರಿಸಬೇಕು ಅನ್ನುವುದೇನೋ ಇದೆ. ಆದರೆ ಬೆಳಿಗ್ಗೆ ಆರಕ್ಕೆ ಹತ್ತಿದ ಮುದುಕಿಯನ್ನು ಕಂಡಕ್ಟರ್ ಯಾಕೆ ಕೆಣಕುತ್ತಾನೆ? ಬಿಡಿಗಾಸಿಲ್ಲದೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬಹುದು. ಹೆಣ್ಣುಮಕ್ಕಳಿಗೆ ಅದು ಎಷ್ಟು ಒಳ್ಳೆಯದು ಅಂತ ನನಗೆ ಗೊತ್ತು. ಹುಡುಕುವವರಿಗೆ ಮಾತ್ರ ನಕ್ಷೆ ದೊಡ್ಡದಾಯಿತು.

ಮೆಜೆಸ್ಟಿಕ್‌ಗೆ ಇಬ್ಬರು ಹೋದರು. ಅಲ್ಲಿನ ಟಿ.ಸಿ. (ಬಸ್ ಸಂಚಾರ ನಿಯಂತ್ರಕರು) ಒಬ್ಬರು ಪೋಸ್ಟರಿನ ಫೋಟೋ ತೆಗೆದುಕೊಂಡು ಡಿಪೋಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರು. ಅಜ್ಜಿಯ ತವರು ಮಾಗಡಿ ಹತ್ತಿರ. ‘ತವರಿಗೇ ಹೋಗಿರ್ತಾರೆ’ ಅಂತ ನೆಂಟರು ಗಟ್ಟಿಯಾಗಿ ಹೇಳಿದ್ದರಿಂದ ಒಂದು ಕಾರು ತುಂಬ ಜನ ತಾವರೆಕೆರೆ ದಾರಿ ಹಿಡಿದರು. ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರವನ್ನೂ ಹಾಗೇ ನೋಡಿಕೊಂಡು ಬರಲು ಹೇಳಿದೆವು. ವಿಕ್ಟೋರಿಯಾ, ಕೆ.ಸಿ. ಜನರಲ್ ಆಸ್ಪತ್ರೆಗಳಿಗೆ ಬೇರೆ ಇಬ್ಬರು. ಆಸ್ಪತ್ರೆಯಲ್ಲಿ ಹೆಸರು ಹೇಳಿ ಕೇಳಿದರೆ ಪ್ರಯೋಜನ ಇಲ್ಲ, ‘ಅಪರಿಚಿತ ಮಹಿಳೆ’ ಅಂತ ಯಾರಾದರೂ ದಾಖಲಾಗಿದ್ದಾರಾ ಅಂತ ಕೇಳಬೇಕು. ಶವಾಗಾರಕ್ಕೆ ಮನೆಯವರನ್ನು ಕಳಿಸಬೇಡಿ. ನಮ್ಮಲ್ಲಿ ಹಾಲಿನ ಬೂತಿನವರು ಹೋಗಿ ಬಂದರು. ಯಾರಿಗೂ ಹೇಳದೆ ಪುಸ್ತಕದಲ್ಲಿ ‘ಇಲ್ಲ’ ಅಂತ ಬರೆದು ಹೋದರು.

ಸಂಜೆ ಶ್ರೀನಗರದಿಂದ ಒಬ್ಬ ವಯಸ್ಸಾದ ಹೆಂಗಸು ಅಂಗಡಿಗೆ ಬಂದರು. ಪೋಸ್ಟರನ್ನು ಆಚೆ ಈಚೆ ತಿರುಗಿಸಿ ನೋಡಿ, ‘ಇವಳು ನನ್ನ ಜೊತೆ ಎಚ್‌ಎಂಟಿಲಿ ಇದ್ದವಳು ಕಣಪ್ಪ, ಅಸೆಂಬ್ಲಿಲಿ’ ಅಂದರು. ಜಾಲಹಳ್ಳಿಯ ವಾಚ್ ಕಾರ್ಖಾನೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದದ್ದು. ವಾಚಿನ ಸಣ್ಣ ಸಣ್ಣ ಭಾಗ ಜೋಡಿಸುವ ಕೆಲಸದಲ್ಲಿ ಬೇಕಾದಷ್ಟು ಹೆಣ್ಣುಮಕ್ಕಳಿದ್ದರು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಅಜ್ಜಿ ಅದಕ್ಕೂ ಎಷ್ಟೋ ಮೊದಲೇ ಬಿಟ್ಟಿದ್ದರು. ಮಗನಿಗೆ ಇದೆಲ್ಲ ಗೊತ್ತು. ಆದರೆ ಮುಚ್ಚಿಹೋದ ಕಾರ್ಖಾನೆ ಯಾರ ತಲೆಗೆ ಬರುತ್ತದೆ?

ಆಕೆ ಕೇಳಿದ್ದು ಎರಡೇ ಪ್ರಶ್ನೆ. ‘ವಾಚ್ ಕಟ್ಕೊಂಡು ಹೋಗಿದ್ದಾಳಾ? ಊಟದ ಡಬ್ಬಿ ಮನೇಲಿದೆಯಾ ನೋಡಿ.’ ಸೊಸೆ ಓಡಿಹೋಗಿ ಬಂದಳು. ಅಟ್ಟದ ಮೇಲಿದ್ದ ಹಳೇ ಸ್ಟೀಲ್ ಡಬ್ಬಿ ಇರಲಿಲ್ಲ. ಹಿಂದಿನ ರಾತ್ರಿಯ ಚಪಾತಿ ಎರಡು ಕಡಿಮೆ ಇದ್ದವು. ‘ಫಸ್ಟ್ ಶಿಫ್ಟಿಗೆ ಹೊರಟಿದ್ದಾಳೆ. ನಮ್ಮ ಫ್ಯಾಕ್ಟರಿ ಬಸ್ಸು ಆಶ್ರಮದ ಹತ್ರಾನೇ ಬರ್ತಿತ್ತು’ ಅಂದರು ಆಕೆ.

ಮರೆವಿನ ಕಾಯಿಲೆಯವರು ಕಾಣೆಯಾದರೆ ನಾನೀಗ ಮೊದಲು ಮಾಡಿಸುವುದು ಇದನ್ನೇ. ಮಕ್ಕಳನ್ನು ಬಿಟ್ಟು, ಅವರ ಇಪ್ಪತ್ತು ಮೂವತ್ತರ ವಯಸ್ಸನ್ನು ನೋಡಿದವರು ಯಾರಿದ್ದಾರೆ ಹುಡುಕಿ. ಓರಗಿತ್ತಿ, ಹಳೇ ಬಾಡಿಗೆ ಮನೆಯ ನೆರೆಯವರು, ಜೊತೆ ಕೆಲಸ ಮಾಡಿದವರು. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದರು, ಯಾವ ದಾರಿ, ಯಾವ ಬಸ್ಸು ಅಂತ ಕೇಳಿ. ನಮ್ಮ ಕಣ್ಣಿಗೆ ಅವರು ದಿಕ್ಕುತಪ್ಪಿ ಅಲೆಯುತ್ತಿದ್ದಾರೆ. ಅವರ ಲೆಕ್ಕದಲ್ಲಿ ಸರಿಯಾದ ಕಡೆಗೇ ಹೊರಟಿರುತ್ತಾರೆ, ಅದೂ ಅವಸರದಲ್ಲಿ.

ಆಕೆಯ ಮೊಬೈಲಲ್ಲೇ ನಿವೃತ್ತ ನೌಕರರ ಗ್ರೂಪ್ ಇತ್ತು. ಜಾಲಹಳ್ಳಿ, ಮತ್ತಿಕೆರೆ ಕಡೆ ಇನ್ನೂ ತುಂಬಾ ಜನ ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ಪೋಸ್ಟರ್ ಹಾಕಿದ ಅರ್ಧ ಗಂಟೆಯಲ್ಲಿ ಎಪ್ಪತ್ತು ದಾಟಿದವರು ಮಫ್ಲರ್ ಸುತ್ತಿಕೊಂಡು, ಟಾರ್ಚ್ ಹಿಡಿದು ಬೀದಿಗೆ ಇಳಿದಿದ್ದರು. ದೇವಸ್ಥಾನ, ಪಾರ್ಕು, ಬಸ್ ಸ್ಟಾಪು ಎಲ್ಲ ನೋಡಿದರು. ರಾತ್ರಿ ಸಿಗಲಿಲ್ಲ. ಅವರು ಹೋದಲ್ಲೆಲ್ಲ ಅಪಾರ್ಟ್‌ಮೆಂಟ್ ಗೇಟುಗಳಿಗೆ ಪೋಸ್ಟರ್ ಕೊಟ್ಟು ಬಂದಿದ್ದರು.

ಮರುದಿನ ಬೆಳಿಗ್ಗೆ ಐದೂವರೆಗೇ ನಾವು ಮತ್ತೆ ಆಶ್ರಮದ ಸ್ಟಾಪಲ್ಲಿ ನಿಂತೆವು. ಹಿಂದಿನ ದಿನ ಮಧ್ಯಾಹ್ನ ಅಲ್ಲಿ ವಿಚಾರಿಸಿದ್ದೆವು ನಿಜ. ಆದರೆ ಮಧ್ಯಾಹ್ನದ ಜನ ಬೇರೆ, ಬೆಳಗಿನ ಜನ ಬೇರೆ. ಪೇಪರ್ ಹಾಕುವ ಹುಡುಗರು, ಹೂವಿನವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇರುತ್ತಾರೆ. ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ಪೋಸ್ಟರ್ ನೋಡಿದ ಕೂಡಲೇ, ‘ನನ್ನ ಪಕ್ಕಾನೇ ಕೂತಿದ್ರು ಅಣ್ಣ. ಮೆಜೆಸ್ಟಿಕ್ಕಲ್ಲಿ ಇಳಿದು ಜಾಲಹಳ್ಳಿ ಬಸ್ ಎಲ್ಲಿ ನಿಲ್ಲುತ್ತೆ ಅಂತ ಕೇಳಿದ್ರು’ ಅಂದಳು. ಅಲ್ಲಿತನಕ ಊಹೆಯಾಗಿದ್ದದ್ದು ಈಗ ಖಚಿತವಾಯಿತು. ಮಾಗಡಿಗೆ ಹೋದವರನ್ನು ವಾಪಸ್ ಕರೆಸಿ, ಎಲ್ಲರನ್ನೂ ಜಾಲಹಳ್ಳಿಗೆ ಕಳಿಸಿದೆ.

ಏಳರ ಸುಮಾರಿಗೆ ಅಂಗಡಿ ನಂಬರಿಗೆ ಕರೆ ಬಂತು. ಮತ್ತಿಕೆರೆ ಕಡೆಯ ಒಂದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ. ಹಗಲು ಪಾಳಿಗೆ ಬಂದವನು ಪೋಸ್ಟರಿನ ಹಿಂದಿ ಸಾಲು ಓದಿದ್ದಾನೆ. ರಾತ್ರಿ ಪಾಳಿಯವನು ಅಜ್ಜಿಯನ್ನು ಹಿಂದುಗಡೆ ಜನರೇಟರ್ ರೂಮಿನ ಪಕ್ಕ ಕೂರಿಸಿ, ತನ್ನ ಕಂಬಳಿ ಹೊದಿಸಿದ್ದ. ಅವನಿಗೆ ಕನ್ನಡ ಬರದು, ಅಜ್ಜಿಗೆ ಹಿಂದಿ ಬರದು. ಮುಂದಿನ ಗೇಟಿಗೆ ಬಂದ ಪೋಸ್ಟರ್ ಅವನವರೆಗೆ ತಲುಪಿರಲಿಲ್ಲ. ಫೋನ್ ಎತ್ತಿದ ನಮ್ಮ ಹುಡುಗಿ ಕೂಗಾಡಲಿಲ್ಲ. ‘ವಾಚ್ ಯಾವ ಕೈಯಲ್ಲಿದೆ ಭೈಯಾ?’ ಅಂದಳು. ಬಲಗೈ. ‘ಡಯಲ್ ಯಾವ ಕಡೆ?’ ಒಳಗಡೆ. ಪುಸ್ತಕದಲ್ಲಿ ಗಂಟೆ ಬರೆದುಕೊಂಡು ಆಮೇಲೆ ಅತ್ತಳು.

ಕರೆತರಲು ಇಪ್ಪತ್ತು ಜನ ಹೋಗುವುದು ಬೇಡ ಅಂತ ತಡೆದೆವು. ಗುಂಪು ನೋಡಿದರೆ ಅವರು ಗಾಬರಿಯಾಗುತ್ತಾರೆ. ಮಗ ಮತ್ತು ಆ ಹಳೇ ಜೊತೆಗಾತಿ ಮಾತ್ರ ಒಳಗೆ ಹೋದರು. ಅಜ್ಜಿ ಮಗನ ಮುಖ ನೋಡಲೇ ಇಲ್ಲ. ಗೆಳತಿಯನ್ನು ನೋಡಿ ‘ಗೇಟ್ ಹಾಕ್ಬಿಟ್ಟಿದ್ದಾರೆ ಕಣೇ’ ಅಂದರಂತೆ. ‘ಇವತ್ತು ರಜಾ, ಬಾ’ ಅಂದರು ಈಕೆ. ಡಬ್ಬಿಯಲ್ಲಿ ಚಪಾತಿ ಹಾಗೇ ಇತ್ತು. ನೇರ ಮನೆಗೆ ಕರೆದೊಯ್ಯದೆ ಮೊದಲು ಆಸ್ಪತ್ರೆಯಲ್ಲಿ ತೋರಿಸಿ, ಡ್ರಿಪ್ ಹಾಕಿಸಿದರು. ಒಂದು ದಿನ ನೀರಿಲ್ಲದಿದ್ದರೆ ಆ ವಯಸ್ಸಿನಲ್ಲಿ ಕಷ್ಟ.

ಆಮೇಲಿನ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಠಾಣೆಗೆ ಹೋಗಿ ಸಿಕ್ಕಿದ್ದಾರೆ ಅಂತ ಹೇಳಿಕೆ ಕೊಟ್ಟು ಕೇಸ್ ಮುಗಿಸಬೇಕು. ಅಂಟಿಸಿದ ಪೋಸ್ಟರ್‌ಗಳನ್ನು ಕಿತ್ತು ತರಬೇಕು. ಎಲ್ಲೆಲ್ಲಿ ಅಂಟಿಸಿದ್ದೇವೆ ಅನ್ನುವುದು ಪುಸ್ತಕದಲ್ಲಿ ಇದ್ದಿದ್ದರಿಂದ ನಮಗೆ ಅದು ಸಲೀಸಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಹೋದದ್ದನ್ನು ಕೀಳಲು ಆಗುವುದಿಲ್ಲ. ಅದಕ್ಕೆ ಅದೇ ಫೋಟೋ ಮೇಲೆ ಅಡ್ಡಲಾಗಿ ‘ಸಿಕ್ಕಿದ್ದಾರೆ’ ಅಂತ ಹಸಿರು ಪಟ್ಟಿ ಹಾಕಿ, ಅವೇ ಗ್ರೂಪುಗಳಿಗೆ ಮತ್ತೆ ಕಳಿಸಿದೆ.

ಅಜ್ಜಿಯ ಸ್ವೆಟರ್, ಸೀರೆಗಳ ಒಳಗೆ ಈಗ ಸೊಸೆ ಸಣ್ಣ ಬಟ್ಟೆ ಪಟ್ಟಿ ಹೊಲಿದಿದ್ದಾಳೆ, ಅದರಲ್ಲಿ ಫೋನ್ ನಂಬರ್ ಇದೆ. ಗೇಟಿಗೆ ಗಂಟೆ ಕಟ್ಟಿದ್ದಾರೆ. ಶ್ರೀನಗರದ ಗೆಳತಿ ಆಗಾಗ ಬಂದು ಕೂತು ಹೋಗುತ್ತಾರೆ. ನಂಬರ್ ಹಾಕಿದ ಪಟ್ಟಿ ಯಾರಿಗೆ ಬೇಕಿದ್ದರೂ ಅಂಗಡಿಗೆ ಬನ್ನಿ, ಪ್ರಿಂಟ್ ಹಾಕಿ ಕೊಡುತ್ತೇನೆ. ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಬಟ್ಟೆ ಮಾತ್ರ ಕಾಟನ್ನೇ ತನ್ನಿ, ಪಾಲಿಸ್ಟರ್ ಮೇಲೆ ಅಕ್ಷರ ನಿಲ್ಲುವುದಿಲ್ಲ.