ಹಗಲು ಬಿಟ್ಟು, ರಾತ್ರಿ ಕೂಡಿ ಬೆಳೆಸಿದ ನಾಯಿಮರಿ

ನಮ್ಮ ಕಡೆ ನಾಯಿ ಸಾಕುವ ಕ್ರಮ ಹೆಚ್ಚುಕಡಿಮೆ ಒಂದೇ. ಹಗಲೆಲ್ಲ ಕೊಟ್ಟಿಗೆ ಕಂಬಕ್ಕೆ ಸರಪಳಿ, ರಾತ್ರಿ ಊಟವಾದ ಮೇಲೆ ಬಿಡುವುದು. ಮನೆ ಕಾಯಲಿ, ತೋಟಕ್ಕೆ ಬರುವ ಹಂದಿ ಓಡಿಸಲಿ ಎಂಬ ಲೆಕ್ಕ. ಆದರೆ ಶಿರಸಿಯಿಂದ ಹುಲೇಕಲ್ ಕಡೆಗೆ ಬಂದರೆ ಮನೆಯ ಹಿಂದೆಯೇ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಚಿರತೆ ಒಯ್ದ ನಾಯಿಯ ಕತೆ ಇಲ್ಲದ ಮನೆ ಇಲ್ಲಿ ಅಪರೂಪ. ಹಾಗಾಗಿ ಕೆಂಪಿಯನ್ನು ತರುವ ಮೊದಲೇ ನಾನು ನಿಶ್ಚಯ ಮಾಡಿದ್ದೆ: ಹಗಲು ಅಂಗಳದಲ್ಲಿ ಬಿಡುಬೀಸಾಗಿ ಓಡಾಡಿಕೊಂಡಿರಬೇಕು, ದೀಪ ಹಚ್ಚುವ ಹೊತ್ತಿಗೆ ತಾನಾಗಿ ಗೂಡು ಸೇರಬೇಕು. ಸರಪಳಿ ಬೇಡ.

"ರಾತ್ರಿ ಒಳಗೆ ಮನಿಕ್ಯಂಡ್ರೆ ಮನೆ ಕಾಯದು ಯಾರು ಮಾರಾಯ್ತಿ?" ಎಂದು ಮಾವ ಕೇಳಿದರು. ನಾಯಿ ಮನೆ ಕಾಯುವುದು ಕಿವಿಯಿಂದ, ಮೂಗಿನಿಂದ. ಜಗುಲಿಯ ಬಾಗಿಲು ಹಾಕಿದ್ದರೂ ಬೇಲಿಯ ದಣಪೆಯ (ಗೇಟಿನ) ಹತ್ತಿರ ಯಾರೋ ಬಂದದ್ದು ಅದಕ್ಕೆ ಗೊತ್ತಾಗುತ್ತದೆ. ಅದು ಬೊಗಳಿದರೆ ನಾವು ಎದ್ದು ಲೈಟು ಹಾಕಿದರಾಯಿತು. ಚಿರತೆಯ ಎದುರು ನಿಲ್ಲುವ ಕೆಲಸ ಮರಿಯದ್ದಲ್ಲ. ಇದನ್ನೇ ಮಾವನಿಗೂ ಹೇಳಿದೆ.

ಕೆಂಪಿ ನಾಡುನಾಯಿಯ ಹೆಣ್ಣು ಮರಿ. ಹೆಣ್ಣು ಬೇಡವೆಂದು ಮರಿಗಳನ್ನು ರಸ್ತೆ ತಿರುವಿನಲ್ಲಿ ಬಿಟ್ಟು ಹೋಗುವವರಿದ್ದಾರೆ, ಅದಕ್ಕೇ ಹೆಣ್ಣನ್ನೇ ಕೇಳಿ ತಂದೆ. ಎಂಟು ವಾರ ತುಂಬುವವರೆಗೆ ತಾಯಿಯ ಹತ್ತಿರವೇ ಇರಲಿ ಎಂದು ಕಾದೆ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ ಮರಿ ಎಷ್ಟು ಜೋರಾಗಿ ಕಚ್ಚಬಾರದೆಂದು ಕಲಿಯುತ್ತದೆ; ತಿಂಗಳಿಗೇ ಬಿಡಿಸಿ ತಂದರೆ ಆ ಪಾಠ ತಪ್ಪಿ ಹೋಗುತ್ತದೆ.

ಗೂಡು ಮಾಡಿದ್ದು ಅಡಿಕೆ ದಬ್ಬೆಯಿಂದ. ಬಿದ್ದ ಮರ ಸೀಳಿ, ಒಳಗಿನ ತಿರುಳು ಕೆರೆದು, ಸಿಬಿರು ಚುಚ್ಚದ ಹಾಗೆ ಅಂಚು ಕತ್ತಿಯಿಂದ ನಯ ಮಾಡಿ ಮೊಳೆ ಹೊಡೆದದ್ದು. ಬೆಳೆದ ನಾಯಿ ಎದ್ದು ನಿಂತು ತಿರುಗುವಷ್ಟು ಜಾಗ ಬೇಕು. ಮರಿ ಇರುವಾಗ ಅಷ್ಟು ದೊಡ್ಡದಾದರೆ ಒಂದು ಮೂಲೆಯಲ್ಲಿ ಉಚ್ಚೆ ಮಾಡಿ ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ, ಹಾಗಾಗಿ ನಡುವೆ ಹಲಗೆ ಅಡ್ಡ ಇಟ್ಟು, ಅದು ಬೆಳೆದ ಹಾಗೆ ಹಿಂದೆ ಸರಿಸಿದೆ. ಅಡಿಗೆ ಹಳೆಯ ನೂಲಿನ ಸೀರೆ. ಕರಡ (ಒಣಹುಲ್ಲು), ದರಕು (ಉದುರಿದ ಒಣ ಎಲೆ) ಬೆಚ್ಚಗಿರುತ್ತದೆ ಎಂದು ಎಲ್ಲರೂ ಹೇಳಿದರು. ಆದರೆ ಬೆಟ್ಟದ ದರಕಿನ ಜೊತೆ ಉಣುಗೂ ಮನೆಗೆ ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಗೂಡಿಗೆ ಬಾಗಿಲೇ ಕೂರಿಸಲಿಲ್ಲ. ಊಟದ ತಟ್ಟೆ ಹೊಸ್ತಿಲ ಹತ್ತಿರ ಇಟ್ಟೆ. ಮೂತಿ ಮಾತ್ರ ಒಳಗೆ, ಹಿಂಗಾಲು ಓಡಲು ತಯಾರಾಗಿ ಹೊರಗೆ. ಮಾರನೆಯ ಊಟಕ್ಕೆ ತಟ್ಟೆ ಒಂದು ಗೇಣು ಒಳಗೆ ಸರಿಯಿತು. ಹೀಗೆ ಸರಿಸುತ್ತಾ ಬಂದು, ಬಾಲವೂ ಒಳಗೆ ಹೋದ ಮೇಲೆ ಬಾಗಿಲು ಕೂರಿಸಿ, ಅವಳು ಉಣ್ಣುತ್ತಿರುವಷ್ಟು ಹೊತ್ತು ಮುಚ್ಚಿ, ಉಂಡು ಮುಗಿಸುವ ಮೊದಲೇ ತೆರೆದೆ. ಕುಂಯ್ಗುಟ್ಟಿದಾಗ ತೆರೆದರೆ ಕುಂಯ್ಗುಟ್ಟಿದರೆ ಬಾಗಿಲು ತೆರೆಯುತ್ತದೆ ಎಂದು ಕಲಿಯುತ್ತದೆ, ಸುಮ್ಮನಿದ್ದಾಗ ತೆರೆಯಬೇಕು. ಪ್ರತಿ ಸಲ "ಗೂಡು" ಎಂಬ ಒಂದೇ ಮಾತು. ರಾತ್ರಿ ಗೂಡನ್ನು ನನ್ನ ಮಂಚದ ಪಕ್ಕ ಇಟ್ಟುಕೊಂಡೆ. ಅತ್ತಾಗ ದಬ್ಬೆಯ ಸಂದಿಯಲ್ಲಿ ಬೆರಳು ಹಾಕಿದರೆ ಮೂಸಿ ಮಲಗುತ್ತಿದ್ದಳು. ಸಿಟ್ಟಿಗೆಂದು ಯಾರೂ ಅವಳನ್ನು ಗೂಡಿಗೆ ದೂಡಬಾರದು ಎಂದು ಮಕ್ಕಳಿಗೂ ಕಟ್ಟುನಿಟ್ಟಾಗಿ ಹೇಳಿದ್ದೆ. ಗೂಡು ಶಿಕ್ಷೆಯಾದರೆ ಸಂಜೆ ನಾಯಿ ಬರುವುದಿಲ್ಲ, ಆಮೇಲೆ ಟಾರ್ಚು ಹಿಡಿದು ತೋಟವೆಲ್ಲ ಹುಡುಕಬೇಕಾಗುತ್ತದೆ.

ಆಷಾಢದ ಮಳೆಯಲ್ಲಿ ಹೊರಗೆ ಉಚ್ಚೆಗೆ ಕರೆದೊಯ್ಯುವುದೇ ಕಷ್ಟದ ಕೆಲಸ. ಸೂರಿನ ನೀರು ಬೀಳದ ಕಡೆ, ಮಾಡಿನ ಅಡಿಯಲ್ಲಿ ಮರಳು ಹರವಿ ಒಂದು ಜಾಗ ಮಾಡಿದೆ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ನಿಂತ ಕೂಡಲೇ ಎತ್ತಿಕೊಂಡು ಅಲ್ಲಿಗೆ. ಎರಡು ತಿಂಗಳ ಮರಿ ಎರಡು–ಮೂರು ತಾಸಿಗಿಂತ ಹೆಚ್ಚು ತಡೆಯಲಾರದು, ರಾತ್ರಿಯೂ ಏಳಲೇಬೇಕು. ಮಾಡಿದ ಕ್ಷಣವೇ ಒಂದು ಚೂರು ಕೊಬ್ಬರಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ. ಒಳಗೆ ಮಾಡಿಕೊಂಡರೆ ಮೂತಿ ತಿಕ್ಕುವ ಹಳೇ ಪದ್ಧತಿ ನನಗೆ ಕಂಡರಾಗದು. ಅದರಿಂದ ಮರಿ ಕಲಿಯುವುದು ನಮ್ಮ ಕಣ್ತಪ್ಪಿಸಿ ಮಂಚದಡಿ ಮಾಡುವುದನ್ನು. ಸಾಬೂನು ನೀರಲ್ಲಿ ಒರೆಸಿ, ಮೇಲೆ ವಿನೆಗರ್ ನೀರು ಹಾಕಿದರೆ ವಾಸನೆ ಹೋಗುತ್ತದೆ, ಅದೇ ಜಾಗಕ್ಕೆ ಮತ್ತೆ ಬರುವುದು ತಪ್ಪುತ್ತದೆ.

ಮನೆಯಲ್ಲಿ ಮೊಟ್ಟೆ ಬೇಯಿಸುವ ರೂಢಿ ಇಲ್ಲ. ಆದರೆ ಬರೀ ಅನ್ನ-ಮಜ್ಜಿಗೆಯಲ್ಲಿ ಮರಿ ಬೆಳೆಯುವುದಿಲ್ಲ, ಹೊಟ್ಟೆ ಮಾತ್ರ ಬರುತ್ತದೆ. ತೋಟದ ಕೆಲಸಕ್ಕೆ ಬರುವ ಅಕ್ಕ ಅವರ ಮನೆಯಲ್ಲೇ ಬೇಯಿಸಿ ತಂದುಕೊಟ್ಟರು; ಅನ್ನ, ಬೇಳೆ, ಸಿಹಿಗುಂಬಳ, ಸ್ವಲ್ಪ ಮೊಸರಿನ ಜೊತೆ ಕಲಸಿ ಹಾಕಿದೆ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಹಸುವಿನ ಹಾಲು ಹಲವು ಮರಿಗಳಿಗೆ ಭೇದಿ ಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ಬೇಡವೇ ಬೇಡ.

ಲಸಿಕೆಯ ವಿಷಯದಲ್ಲಿ ನಾಡುನಾಯಿಗೆ ಏನೂ ಬೇಡ, ಗಟ್ಟಿ ಜೀವ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪಾರ್ವೋ ಬಂದರೆ ರಕ್ತಭೇದಿಯಾಗಿ ಎರಡು-ಮೂರು ದಿನಕ್ಕೇ ಮರಿ ಹೋಗುತ್ತದೆ, ಮತ್ತೆ ಆ ವೈರಾಣು ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ನಂತರ ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬಿಸ್. ಜಂತಿನ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಇಲಿಜ್ವರದ ಲಸಿಕೆಯೂ ಸೇರಿರುವುದನ್ನೇ ಕೇಳಿ ಹಾಕಿಸಿದೆ. ನಮ್ಮ ಮಳೆ, ಅಡಿಕೆ ಅಟ್ಟದ ಇಲಿ, ನಿಂತ ನೀರು ನೋಡಿದರೆ ಅದು ಬೇಕೇ ಬೇಕು. ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ತಗಲುವ ರೋಗ ಅದು. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಊರಲ್ಲಿ ತಂದು ಮನೆಯ ಫ್ರಿಜ್ಜಿನಲ್ಲಿ ಇಡುವ ಬದಲು ಮರಿಯನ್ನೇ ಪೇಟೆಗೆ ಒಯ್ದೆ.

ಚುಚ್ಚುಮದ್ದು ಮುಗಿಯುವವರೆಗೆ ಬೀದಿಯ ನೆಲದ ಮೇಲೆ ಬಿಡಲಿಲ್ಲ, ಆದರೆ ಮನೆಯೊಳಗೇ ಮುಚ್ಚಿಡಲೂ ಇಲ್ಲ. ಹದಿನಾಲ್ಕು ವಾರದೊಳಗೆ ಕಂಡದ್ದು, ಕೇಳಿದ್ದು ಮರಿಗೆ ರೂಢಿಯಾಗುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸು, ಮಿಕ್ಸಿ, ಕೊಡೆ ಬಿಚ್ಚುವುದು, ಕಂಬಳಿಕೊಪ್ಪೆ ಹಾಕಿದ ಜನ, ದನದ ಕೋಡು ಎಲ್ಲ ತೋರಿಸಿದೆ. ಅಡಿಕೆ ಸುಲಿಯುವ ಯಂತ್ರವನ್ನು ಮೊದಲು ದೂರದಿಂದ, ತಿಂಡಿ ಕೊಡುತ್ತಾ ಕೇಳಿಸಿದೆ.

"ಬಿಡು" ಎಂಬ ಮಾತನ್ನು ಬೇರೆಲ್ಲಕ್ಕಿಂತ ಮೊದಲು ಕಲಿಸಬೇಕೆಂದು ನಾನು ಹೇಳುವುದು ಅಡಿಕೆಯ ಕಾರಣಕ್ಕೆ. ಅಂಗಳದ ತುಂಬ ಅಡಿಕೆ, ಮರಿಯ ಬಾಯಿ ಸುಮ್ಮನಿರದು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಯ ಲಾಡಿಹುಳು ಕೆಡವಲು ಔಷಧವಾಗಿಯೇ ಕೊಡುತ್ತಿದ್ದರು; ವಾಂತಿ-ಭೇದಿ ಜೋರು ಎಂದು ಬೇರೆ ಔಷಧ ಬಂದ ಮೇಲೆ ಬಿಟ್ಟರು. ಜಗಿದ ಮರಿಗೆ ಜೊಲ್ಲು ಸುರಿದು, ಕಾಲು ತಡವರಿಸುತ್ತದೆ. ಕಲಿಸಿದ ಬಗೆ ಇಷ್ಟೆ: ಮುಚ್ಚಿದ ಮುಷ್ಟಿಯಲ್ಲಿ ಕೊಬ್ಬರಿ ಚೂರು. ಅವಳು ಮೂಸಿ, ನೆಕ್ಕಿ, ಕೆರೆದು, ಕೊನೆಗೆ ಮೂತಿ ಹಿಂದೆಗೆದ ಗಳಿಗೆಯಲ್ಲಿ "ಬಿಡು" ಎಂದು ಇನ್ನೊಂದು ಕೈಯಿಂದ ಮೊಟ್ಟೆ ಚೂರು. ಮುಷ್ಟಿಯದ್ದು ಎಂದೂ ಕೊಡಲಿಲ್ಲ. ಅದು ಗಟ್ಟಿಯಾದ ಮೇಲೆ ಅಂಗೈ ತೆರೆದು, ಆಮೇಲೆ ನೆಲದ ಮೇಲೆ, ಕಡೆಗೆ ಗೋಟಡಿಕೆಯನ್ನೇ ಇಟ್ಟು ನೋಡಿದೆ. ಬಾಯಿಗೆ ಹಾಕಿಕೊಂಡದ್ದನ್ನು ಅಟ್ಟಿಸಿಕೊಂಡು ಹೋಗಿ ಕಿತ್ತರೆ ನುಂಗಿಬಿಡುತ್ತದೆ. ಬದಲಿಗೆ ಒಳ್ಳೆಯದನ್ನು ಕೊಟ್ಟರೆ ತಾನೇ ತಂದು ಇಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನ ಮಾತ್ರ ಈ ಪಾಠ ನಂಬಿ ಕೂರಲಿಲ್ಲ. ಮೈಲುತುತ್ತದ ಡ್ರಮ್ಮು ಅಂಗಳದಲ್ಲಿರುವಷ್ಟು ಹೊತ್ತು ಕೆಂಪಿ ಜಗುಲಿಯಲ್ಲೇ.

"ಬಾ" ಎಂದು ಕರೆದು ಬೈಯುವುದು, ಸ್ನಾನಕ್ಕೆ ಹಿಡಿಯುವುದು ನಮ್ಮ ಮನೆಯಲ್ಲಿ ಇಲ್ಲ. ಅದಕ್ಕೆಲ್ಲ ನಾವೇ ಹೋಗಿ ಎತ್ತಿಕೊಳ್ಳುವುದು. ಕಚ್ಚುವ ಕಾಟ ನಾಲ್ಕು ತಿಂಗಳ ಹೊತ್ತಿಗೆ, ಹಾಲುಹಲ್ಲು ಉದುರುವಾಗ, ಜೋರು. ಹಳೆಯ ಪಂಚೆ ಗಂಟು ಹಾಕಿ ನೆನೆಸಿ ಕೊಟ್ಟೆ, ಹಲ್ಲು ಕೈಗೆ ತಾಗಿದರೆ ಆಟ ನಿಲ್ಲಿಸಿ ಎದ್ದು ಹೋದೆ.

ಇನ್ನು ಉಣುಗಿನ ಮಾತು. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರದಲ್ಲಿ ಅದು ಜೀವವನ್ನೂ ತೆಗೆದಿದೆ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಮರಿಗಳು ದರಕಿನಲ್ಲಿ ಹೆಚ್ಚು. ಕಾಡಿಗೆ ಹೋಗಿ ಬಂದ ನಾಯಿ ಅವನ್ನು ಜಗುಲಿಗೇ ತರುತ್ತದೆ. ನಾಯಿಗೂ ಉಣುಗಿನಿಂದಲೇ ಬರುವ ಬೇರೆ ಜ್ವರಗಳಿವೆ: ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ, ಉಚ್ಚೆ ಕೆಂಪಾಗುತ್ತದೆ. ಹಾಗಾಗಿ ಬೆಟ್ಟಕ್ಕೆ ಕೆಂಪಿಯನ್ನು ಒಯ್ಯುವುದಿಲ್ಲ. ಸಂಜೆ ಗೂಡಿಗೆ ಹೋಗುವ ಮೊದಲು ಕಿವಿಯ ಒಳಮೈ, ಕತ್ತಿನ ಪಟ್ಟಿಯಡಿ, ಬೆರಳ ಸಂದಿ, ಬಾಲದ ಬುಡ ತಡವಿ ನೋಡುತ್ತೇನೆ. ಮಳೆಗಾಲದಲ್ಲಿ ಇದೇ ಹೊತ್ತು ಉಂಬಳಕ್ಕೆ (ಜಿಗಣೆಗೆ). ಉಣುಗು ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದು ಸಾಬೂನು ನೀರಿಗೆ, ಉಗುರಲ್ಲಿ ಕುಟ್ಟಬಾರದು. ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಮನುಷ್ಯರ ಮೈಗೆ, ಮೈ ನೆಕ್ಕುವ ಮರಿಗಲ್ಲ. ಮರಿಗೆ ತೂಕ ನೋಡಿ ಪಶುವೈದ್ಯರು ಉಣುಗಿನ ಮಾತ್ರೆ ಕೊಡುತ್ತಾರೆ.

ಈಗ ಉಳಿದಿರುವುದು ಸಂತಾನಹರಣದ ಶಸ್ತ್ರಚಿಕಿತ್ಸೆ. ಮಳೆ ಹಿಡಿಯುವ ಮೊದಲೇ ಮಾಡಿಸಬೇಕು. ಒದ್ದೆ ಹವೆಯಲ್ಲಿ ಹೊಲಿಗೆ ಒಣಗಿಸುವುದು ಕಷ್ಟ. ಆ ಹತ್ತು-ಹನ್ನೆರಡು ದಿನ ಓಡಾಟ ಬಿಟ್ಟು ಗೂಡಿನಲ್ಲೇ ಇರಬೇಕಾಗುತ್ತದೆ. ಅದಕ್ಕೆಂದು ಈಗಿನಿಂದಲೇ ಮಧ್ಯಾಹ್ನವೂ ಒಂದೊಂದು ತಾಸು ಗೂಡಿಗೆ ಕರೆಯುತ್ತಿದ್ದೇನೆ. ಮಾವನೂ "ಗೂಡು" ಎಂದೇ ಕರೆಯುತ್ತಾರೆ.